ಬೋರಲು ಹಾಕಿದ ಬೋಗುಣಿ

ಬಿಳಿಯ ಬಟ್ಟೆಯೊಂದನ್ನು ಎರಡು ಪದರು ಮಾಡಿ ಕೊಡದ ಬಾಯಿಗೆ ಹಾಸಿ, ನಡುವೆ ಬೆರಳಿನಿಂದ ಸಣ್ಣದೊಂದು ಗುಳಿ ಮಾಡಿ, ಹಿತ್ತಲ ಬಾವಿಯಿಂದ ಸೇದಿದ ನೀರನ್ನು ಅದರ ಮೇಲೆ ಸಾವಕಾಶವಾಗಿ ಸುರಿಯುವುದರೊಂದಿಗೆ ನಮ್ಮ ಮನೆಯ ಮುಂಜಾವು ಮೊದಲಾಗುತ್ತದೆ. ಜೈನರ ಮನೆ, ಸೋಸದ ನೀರಿಗೆ ಇಲ್ಲಿ ಪ್ರವೇಶವಿಲ್ಲ. ಕಣ್ಣಿಗೆ ಕಾಣದ ಜೀವವೂ ನಮ್ಮ ಬಾಯಾರಿಕೆಗೆ ಬಲಿಯಾಗಬಾರದೆಂದು ಬಟ್ಟೆಯಲ್ಲಿ ಉಳಿದದ್ದನ್ನು ತುಸು ನೀರಿನೊಡನೆ ಮತ್ತೆ ಬಾವಿಗೇ ಇಳಿಬಿಡುತ್ತೇವೆ. ಮದುವೆಯಾಗಿ ಬೆಳಗಾವಿ ತಿಲಕವಾಡಿಯ ಈ ಮನೆಗೆ ಬಂದಂದಿನಿಂದ ನಾನು ಮಾಡಿಕೊಂಡು ಬಂದ ಕೆಲಸವಿದು. ಕಣ್ಣು ಪೂರ್ತಿ ತೆರೆಯುವ ಮುನ್ನವೇ ಕೈ ಮಾಡಿ ಮುಗಿಸಿರುತ್ತದೆ.

ಹೀಗೆ ಸೋಸಿದ ನೀರಿನಲ್ಲಿ ಮೊದಲ ಚೊಂಬು ದೇವರಿಗೆ, ಎರಡನೆಯದು ಹಕ್ಕಿಗಳಿಗೆ. ಹಿತ್ತಲ ದಾಸವಾಳದ ನೆರಳಿನಲ್ಲಿ ಮಣ್ಣಿನ ಅಗಲವಾದ ಬೋಗುಣಿಯೊಂದಿದೆ. ಊರಿನ ಹಕ್ಕಿಗಳೆಲ್ಲ ಕೆರೆಕಟ್ಟೆಯ ಸಿಕ್ಕಸಿಕ್ಕ ನೀರು ಕುಡಿಯುತ್ತಿರುವಾಗ ನಮ್ಮ ಹಿತ್ತಲಿನವು ಮಾತ್ರ ಸೋಸಿದ ನೀರು ಕುಡಿಯುತ್ತವೆ ಎಂಬ ಹೆಮ್ಮೆ ನನಗೆ ಎಷ್ಟಿತ್ತೆಂದರೆ, ಅವೂ ನಮ್ಮ ಹಾಗೆ ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವುದನ್ನು ಕಂಡು, ಇವಕ್ಕೆ ಅರ್ಧ ದೀಕ್ಷೆಯಾಯಿತೆಂದೇ ಭಾವಿಸಿದ್ದೆ.

ಪಕ್ಷಿವೀಕ್ಷಣೆಯ ಹುಚ್ಚು ನನಗೆ ತಡವಾಗಿ ಹಿಡಿದದ್ದು. ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿಯ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಪದ್ಯಗಳ ಕೃಪೆಯಿಂದ, ಹಿಮದ ಮೇಲೆ ಕುಳಿತ ಕೆಂಪೆದೆಯ ವಿಲಾಯತಿ ಹಕ್ಕಿಯನ್ನು ಕಣ್ಣು ಮುಚ್ಚಿ ವರ್ಣಿಸಬಲ್ಲವಳಾಗಿದ್ದೆ. ನಮ್ಮದೇ ಕಂಪೌಂಡಿನ ಮೇಲೆ ಬಾಲ ನಿಮಿರಿಸಿ ಹಾಡುವ ಮಡಿವಾಳ ಹಕ್ಕಿಯನ್ನು ಮಾತ್ರ ‘ಕರಿಬಿಳಿದು’ ಎಂದು ಕರೆದು ಕೈ ತೊಳೆದುಕೊಂಡಿದ್ದೆ. ಈಗ ನೋಡಿ, ಒಗ್ಗರಣೆಗೆ ಸಾಸಿವೆ ಹಾಕಿ ಕಿಟಕಿಯಾಚೆ ದುರ್ಬೀನು ಹಿಡಿಯುತ್ತೇನೆ. ಸಾಸಿವೆ ಸೀದ ದಿನ ಒಳ್ಳೆಯ ಹಕ್ಕಿ ಬಂದಿದೆಯೆಂದು ಮನೆಮಂದಿ ವಾಸನೆಯಿಂದಲೇ ತಿಳಿದುಕೊಳ್ಳುತ್ತಾರೆ.

ಈ ಹುಚ್ಚಿಗೆ ತುಪ್ಪ ಸುರಿದವರು ಖಾನಾಪುರದ ನನ್ನ ವೈನಿ, ಅಣ್ಣನ ಹೆಂಡತಿ. ಬೋಗುಣಿಯೂ ಅವರದೇ ಕೊಡುಗೆ, ಅವರ ಊರಿನ ಕುಂಬಾರರದೇ ಕೈಗೆಲಸ. ಅವರ ಮನೆಯಿಂದ ಕಾಡು ದೂರವಿಲ್ಲ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಅವರ ಹಿತ್ತಲ ಮರಕ್ಕೆ ನೆಂಟರಂತೆ ಬಂದು ಹೋಗುತ್ತವೆ. ಫೋನು ಮಾಡಿದಾಗಲೆಲ್ಲ, “ನಿಮ್ಮ ಬೆಳಗಾವ್ಯಾಗ ಏನ್ ಅದಾವ ಬಿಡ ಪದ್ಮಾ, ಕಾಗಿ ಮತ್ತ ಪಾರಿವಾಳ” ಎಂದು ನಗುವುದು ಅವರ ವಾಡಿಕೆ. ಆದ್ದರಿಂದಲೇ ಈ ಚಳಿಗಾಲದ ಕೊನೆಯಲ್ಲಿ ನಮ್ಮ ಬೋಗುಣಿಗೆ ಕಿತ್ತಳೆ ತಲೆಯ ಸಿಳ್ಳಾರವೊಂದು ಬರತೊಡಗಿದಾಗ ನಾನು ನೆಲ ಮುಟ್ಟಿ ನಡೆಯಲಿಲ್ಲ. ತಲೆ, ಎದೆಗಳಿಗೆಲ್ಲ ಮಾಗಿದ ಕಿತ್ತಳೆಯ ಬಣ್ಣ, ಬೆನ್ನಿಗೆ ಮಳೆಮೋಡದ ಬೂದು, ಬಿಳಿಯ ಕೆನ್ನೆಯ ಮೇಲೆ ಕಾಡಿಗೆ ಇಳಿದಂತೆ ಎರಡು ಗೆರೆ. ಕಾಡಿನ ನೆರಳಲ್ಲಿ ಒಣ ಎಲೆ ಕೆದರುತ್ತ ಬಾಳುವ ಸಂಕೋಚದ ಜೀವ, ಖಾನಾಪುರವನ್ನು ದಾಟಿ ನಮ್ಮ ಹಿತ್ತಲನ್ನು ಹುಡುಕಿಕೊಂಡು ಬಂದಿತ್ತು! ವೈನಿಗೆ ಫೋಟೋ ಕಳಿಸಿದೆ. ಮೊದಲು ನಂಬಲಿಲ್ಲ, ನಂಬಿದ ಮೇಲೆ ಸುಮ್ಮನಿರಲಿಲ್ಲ. ಯುಗಾದಿ ಮುಗಿದ ವಾರ, ಮಾವಿನ ಮಿಡಿ ಕಟ್ಟುವ ಹೊತ್ತಿಗೆ, ಸ್ವತಃ ನೋಡಿಯೇ ಹೋಗುವೆನೆಂದು ಖಾನಾಪುರದಲ್ಲಿ ಬೆಳಗಾವಿಯ ಬಸ್ಸು ಹತ್ತಿದರು.

ಆ ದಿನವೇ, ಎಂದಿನಂತೆ ನೀರು ಸೋಸಿ ಚೊಂಬು ಹಿಡಿದು ಹಿತ್ತಲಿಗೆ ಹೋದರೆ, ಬೋಗುಣಿಯ ಅಂಚಿನಲ್ಲಿ ಚುಕ್ಕೆ ಬೆಳವವೊಂದು ಕುಳಿತಿತ್ತು. ಬೆಳವ ಸಾಧು ಹಕ್ಕಿಯೇ, ಆದರೂ ಇಷ್ಟು ಹತ್ತಿರ ಹೋದರೆ ಹಾರಬೇಕು. ಹಾರಲಿಲ್ಲ. ಗರಿಗಳನ್ನೆಲ್ಲ ಉಬ್ಬಿಸಿಕೊಂಡು, ವಸಂತದ ಬಿಸಿಲಿನಲ್ಲೂ ಚಳಿಯಾದಂತೆ ಮುದುಡಿ, ಕೊಕ್ಕು ತುಸು ತೆರೆದು, ನೀರು ನುಂಗಲೂ ಆಗದೆ ಕತ್ತು ಚಾಚುತ್ತಿತ್ತು. ಗಂಟಲ ಕೆಳಗಿನ ಗರಿ ಜೊಲ್ಲಿನಿಂದ ಒದ್ದೆಯಾಗಿತ್ತು. ನಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ಪಶುವೈದ್ಯೆಯೊಬ್ಬರಿದ್ದಾರೆ. ದೂರದಿಂದಲೇ ಫೋಟೋ ತೆಗೆದು ಅವರಿಗೆ ಕಳಿಸಿದೆ. ಅವರಿಂದ ಫೋನೇ ಬಂತು.

“ಬರಿಗೈಲೆ ಮುಟ್ಟಬ್ಯಾಡ್ರಿ. ಗಂಟಲ ರೋಗ ಇದ್ದಂಗ ಕಾಣ್ತೈತಿ. ನೀರಾಗಿಂದ ಒಂದರದು ಇನ್ನೊಂದಕ್ಕ ಹತ್ತತೈತಿ. ಬೋಗುಣಿ ಯಾವಾಗ ತಿಕ್ಕಿದ್ರಿ?”

ಬೋಗುಣಿಯನ್ನು ನಾನು ತಿಕ್ಕಿಯೇ ಇರಲಿಲ್ಲ. ಸೋಸಿದ ನೀರನ್ನು ಚೆಲ್ಲುವುದುಂಟೆ? ತಗ್ಗಿದಷ್ಟನ್ನು ದಿನಾ ತುಂಬುತ್ತಿದ್ದೆ, ಅಷ್ಟೆ. ಒಳಮೈಗೆ ಹಸಿರು ಪಾಚಿ ಮಖಮಲ್ಲಿನಂತೆ ಹಬ್ಬಿತ್ತು. ಪಾಚಿಯಲ್ಲೂ ಜೀವವಿದೆ, ಕೆರೆಯಬಾರದೆಂದು ನಮ್ಮವರ ನಂಬಿಕೆ. ಮೇಲಾಗಿ ಅದು ಕಾಡಿನ ಹೊಂಡದಂತೆ ಶೋಭಿಸುತ್ತದೆಂದು ನನ್ನ ರಸಿಕತೆ. ಕಾಣದ ಜೀವಗಳಿಗಾಗಿ ಎರಡು ಪದರಿನ ಬಟ್ಟೆ ಹಿಡಿದವಳು, ಕಾಣುವ ಜೀವಗಳು ಮಿಂದು, ಉಗುಳಿ, ಹಿಕ್ಕೆ ಹಾಕಿ ಹೋದ ನೀರಿನ ಮೇಲೆ ದಿನಕ್ಕೊಂದು ಚೊಂಬು ಶುದ್ಧಿಯನ್ನು ಸುರಿಯುತ್ತ ಕುಳಿತಿದ್ದೆ!

“ಎಲ್ಲಾ ಖಾಲಿ ಮಾಡ್ರಿ,” ಎಂದರು ವೈದ್ಯೆ. “ಕುದಿಯೋ ನೀರು ಹಾಕಿ ತಿಕ್ಕಿ, ಬಿಸಲಾಗ ಒಣಗಸ್ರಿ. ಒಂದಷ್ಟ ದಿವಸ ಕಾಳು, ನೀರು ಏನೂ ಇಡಬ್ಯಾಡ್ರಿ. ಗುಂಪು ಚದರಿದ್ರ ರೋಗಾನೂ ಚದರತೈತಿ.”

ಅಷ್ಟರಲ್ಲಿ ವೈನಿಯ ಫೋನು: “ಪೀರನವಾಡಿ ದಾಟೇನಿ ನೋಡ, ಇನ್ನೇನ ಬಂದಬಿಟ್ಟೆ. ನಿನ್ನ ಹಕ್ಕಿಗೆ ಕುಂದ್ರಾಕ ಹೇಳು.”

ಪ್ರಿಯ ಓದುಗರೇ, ಆಗಿನ ನನ್ನ ಮನಃಸ್ಥಿತಿಯನ್ನು ನೀವೇ ಊಹಿಸಿ. ಬೋಗುಣಿ ತೆಗೆದರೆ ಕಿತ್ತಳೆ ತಲೆ ಬರುವುದಿಲ್ಲ. ‘ಕಾಗಿ ಮತ್ತ ಪಾರಿವಾಳ’ ಎಂಬ ಮಾತಿಗೆ ನಾನೇ ಮುದ್ರೆ ಒತ್ತಿದಂತೆ. ಒಂದು ಗಂಟೆ ಬಿಟ್ಟು, ವೈನಿ ನೋಡಿಯಾದ ಮೇಲೆ ತೆಗೆದರಾಗದೆ, ಎಂದು ಮನಸ್ಸಿನೊಳಗಿನ ವಕೀಲೆ ವಾದ ಹೂಡಿದಳು. ಆದರೆ ನಿನ್ನೆ ಸಂಜೆ ಅದೇ ನೀರಿನಲ್ಲಿ ಆ ಹಕ್ಕಿ ರೆಕ್ಕೆ ಬಿಚ್ಚಿ ಮಿಂದು, ಕತ್ತೆತ್ತಿ ಕುಡಿದದ್ದು ಕಣ್ಣ ಮುಂದೆ ಬಂತು. ಇವತ್ತು ಅದರ ಮುಂಜಾನೆಯ ಹೊತ್ತು ಮೀರಿದ್ದರೂ ಸುಳಿವಿರಲಿಲ್ಲ. ಅದೂ ಯಾವುದೋ ಬೇಲಿಯ ಸಂದಿಯಲ್ಲಿ ಹೀಗೆ ಮುದುಡಿ ಕುಳಿತಿದ್ದರೆ?

ಅತ್ತೆಯನ್ನು ಕೇಳದೆ ಪಾಚಿಗೆ ಕೈ ಹಚ್ಚುವ ಧೈರ್ಯವಾಗಲಿಲ್ಲ. ಜಪದ ಮಣಿ ಹಿಡಿದು ಕುಳಿತಿದ್ದವರು ಎಲ್ಲವನ್ನೂ ಕೇಳಿ, ಮಣಿಯನ್ನು ಅಲ್ಲಿಯೇ ನಿಲ್ಲಿಸಿ ಹೇಳಿದರು: “ಪಾಚಿ ಕೆರದ್ರ ಪಾಪ ಖರೇನ. ಹಕ್ಕಿಗೆ ಕರದು ರೋಗ ಕುಡಿಸಿದ್ರ ಅದೇನ್ ಪುಣ್ಯ? ಹೋಗ, ಮದಲ ಚೆಲ್ಲು. ಸಣ್ಣ ಪಾಪ ನನ್ನ ಹೆಸರಿಗೆ ಇರ್ಲಿ.”

ಚೆಲ್ಲಿದೆ. ಹಕ್ಕಿ ಇಳಿಯದ ಮೂಲೆಯಲ್ಲಿ ಗುಂಡಿ ತೋಡಿ ಆ ನೀರನ್ನು ಇಂಗಿಸಿ ಮಣ್ಣು ಮುಚ್ಚಿದೆ. ಬೆಳವ ಅಷ್ಟರಲ್ಲಿ ದಾಸವಾಳದ ಬುಡಕ್ಕೆ ಸರಿದು, ಸದ್ದಿಲ್ಲದೆ ಸತ್ತುಹೋಗಿತ್ತು. ಅದರ ಕತ್ತಿನ ಮೇಲಿನ ಚುಕ್ಕೆಗಳು ಮಾತ್ರ ಇನ್ನೂ ಹೊಸದಾಗಿ ಪೋಣಿಸಿದಂತಿದ್ದವು.

ವೈನಿ ಬಂದವರು ನೇರವಾಗಿ ಹಿತ್ತಲಿಗೇ ನಡೆದರು. ಬರಿ ನೆಲ, ಕೈಗವಸು ಹಾಕಿಕೊಂಡು ಸತ್ತ ಬೆಳವಕ್ಕೆ ಗುಂಡಿ ತೋಡುತ್ತಿದ್ದ ನಾನು. “ಎಲ್ಲೈತಿ ನಿನ್ನ ಮಹಾರಾಣಿ?” ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ನಡೆದದ್ದನ್ನೆಲ್ಲ ಹೇಳಿದೆ, ತೋರಿಸಲು ಏನೂ ಇಲ್ಲ ಎಂಬುದನ್ನೂ ಹೇಳಿದೆ. ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿ ಇನ್ನೊಂದು ಜೊತೆ ಕೈಗವಸು, ಕುದಿಯುವ ನೀರು, ತೆಂಗಿನ ನಾರು ತಂದರು.

“ಬಸ್ಸಿಗೆ ರೊಕ್ಕ ಕೊಟ್ಟ ಹಕ್ಕಿ ನೋಡಾಕ ಬಂದ್ರ ಬೋಗುಣಿ ತಿಕ್ಕಾಕ ಹಚ್ಚಿದ್ಯಲ್ಲ!”

“ನಿಮ್ಮ ಊರಿನ ಬೋಗುಣೀನ ಅಲ್ರಿ ವೈನಿ, ನೀವ ತಿಕ್ರಿ.”

“ಬಾಯಿ ಮಾತ್ರ ಕಮ್ಮಿ ಆಗಿಲ್ಲ ನಿಂದು,” ಎಂದು ನಕ್ಕರು. ಬಹಳ ಹೊತ್ತು ತಿಕ್ಕಿದ ಮೇಲೆ, ನಾರಿನ ಮೇಲೆಯೇ ಕಣ್ಣಿಟ್ಟು, “ನಮ್ಮ ಹಿತ್ತಲದಾಗಿನ ನೀರು ತುಂಬೂ ಕಲ್ಲಿನ ದೋಣಿನೂ ನಾ ಯಾವತ್ತೂ ತಿಕ್ಕಿಲ್ಲ ಪದ್ಮಾ. ಮಂಗಟ್ಟಿ ಅದರಾಗ ನೀರು ಕುಡಿಯೂದಿಲ್ಲ ಖರೆ, ಪಿಕಳಾರ ಕುಡೀತಾವ. ಹೋದಕೂಡ್ಲೆ ತಿಕ್ಕತೇನಿ” ಎಂದರು. ಖಾನಾಪುರವು ಬೆಳಗಾವಿಯಿಂದ ಕಲಿತ ಮೊದಲ ಪಾಠವಿದು. ಸಭ್ಯತೆಯಿಂದ ನಾನು ಬಾಯಿಬಿಟ್ಟು ಹೇಳಲಿಲ್ಲ. ಒಳಗೊಳಗೇ ಎದೆ ಮಾತ್ರ ಆ ಬೆಳವದ ಗರಿಗಿಂತ ಹೆಚ್ಚಾಗಿ ಉಬ್ಬಿತ್ತು. ಹಕ್ಕಿಯನ್ನು ಕರೆಸಿಕೊಂಡ ಹೆಮ್ಮೆಗೂ ಹಕ್ಕಿಯನ್ನು ಕಳಿಸಿಕೊಟ್ಟ ಹೆಮ್ಮೆಗೂ ರುಚಿ ಬೇರೆ. ಮೊದಲನೆಯದು ನಮ್ಮೂರಿನ ಸಿಹಿತಿಂಡಿ ಕುಂದಾದ ಹಾಗೆ, ನಾಲ್ಕು ಜನರಿಗೆ ಹಂಚಿದರೇ ಸವಿ. ಎರಡನೆಯದನ್ನು ಒಬ್ಬಳೇ ಕುಳಿತು ಮೆಲ್ಲಬಹುದು.

ಸಂಜೆ ವೈನಿಯನ್ನು ಬಸ್ಸು ಹತ್ತಿಸಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಳಿತೆ. ಬಿಸಿಲಿಗೆ ಬೋರಲು ಹಾಕಿದ ಬೋಗುಣಿಯ ಬೆನ್ನು ಕೆಂಪಗೆ ಒಣಗಿತ್ತು. ಒಂದು ಗುಬ್ಬಿಯೂ ಇಳಿಯದ ಹಿತ್ತಲು ಮದುವೆ ಮುಗಿದ ಚಪ್ಪರದಂತಿತ್ತು. ಮಾಡಿದ್ದು ಸರಿಯೆಂಬ ಸಮಾಧಾನವೇನೋ ಇತ್ತು. ಆದರೆ ಕಿತ್ತಳೆ ತಲೆ ಏನಾಯಿತೆಂಬ ಮುಳ್ಳು ಅದರ ನಡುವೆಯೇ ಚುಚ್ಚುತ್ತಿತ್ತು.

ಅಷ್ಟರಲ್ಲಿ ಬಾಜೂಮನೆಯ ಶಿವಲೀಲಕ್ಕ, ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ, ಇತ್ತ ತಿರುಗದೆಯೇ ಕಂಪೌಂಡಿನಾಚೆಯಿಂದ ಹೇಳಿದರು:

“ಪದ್ಮಕ್ಕಾ, ಆ ಕೇಸರಿ ತಲೀ ಹಕ್ಕಿ ನಿಮ್ಮದ ಏನ್ರಿ? ಚಿಕ್ಕೂ ಗಿಡದ ಬುಡಕ ಎಲಿ ಗುಡಿಸಿ ಒಟ್ಟಿದ್ದೆ, ಮುಂಜಾನಿಂದ ಕೆದರಿ ಕೆದರಿ ಅಂಗಳ ತುಂಬ ಮಾಡಿ ಇಟ್ಟೈತಿ. ಹುಶ್ ಅಂದ್ರ ನನಗ ತಿರುಗಿ ನೋಡತೈತ್ರಿ, ಅಷ್ಟ ಸೊಕ್ಕು!”