ಮೊಣಕಾಲಿನ ನೀರು, ಕುರಿಯ ಆಂಟಿಬಾಡಿ

ಸೋಮವಾರ ಬೇಕೆಂದೇ ಮೊಣಕಾಲೂರಿ ಇಡೀ ಅಂಗಳ ಸಾರಿಸಿದೆ. ಮಂಗಳವಾರ ಬೆಳಿಗ್ಗೆ ಬಲಗಾಲಿನ ಕೀಲು ಗಡಿಗೆಯಂತೆ ಬಾತಿತ್ತು. ಸಮಾಧಾನವಾಯಿತು. ಖಾನಾಪುರದಿಂದ ಬೆಳಗಾವಿಯ ರೈಲು ಹತ್ತಿದೆ.

ಹುಚ್ಚಿ ಅನ್ನುತ್ತೀರಾ? ಪೂರ್ತಿ ಕೇಳಿ.

ಹಂಚಿನ ಕಾರ್ಖಾನೆಯಲ್ಲಿ ಹಸಿಮಣ್ಣಿನ ಮುಂದೆ ಕೂತು ಕೂತು ಕೀಲು ಸವೆಸಿಕೊಂಡವಳು ನಾನು. ಬೆಳಗಾವಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬ ಡಾಕ್ಟರಬಾಯಿ ಇದರ ಮೇಲೆಯೇ ರಿಸರ್ಚ್ ಮಾಡುತ್ತಾಳೆ. ಮಳೆಗಾಲದಿಂದ ತಿಂಗಳಿಗೊಮ್ಮೆ ಕರೆಸಿ, ಸೂಜಿ ಹಾಕಿ, ಮೊಣಕಾಲಿನ ನೀರು ತೆಗೆಯುತ್ತಿದ್ದಳು.

ಕೀಲಿನೊಳಗಿನ ಮೆತ್ತೆಯನ್ನು ತಿನ್ನುವ ಒಂದು ರಸ ಇದೆಯಂತೆ. ಅದಕ್ಕೆ ಲಗಾಮು ಹಾಕುವ ಪ್ರೋಟೀನೂ ಇದೆಯಂತೆ. ಕಣ್ಣಿಗೆ ಕಾಣದು. ಅದನ್ನು ಪತ್ತೆ ಹಚ್ಚಲು ಪರದೇಶದಿಂದ ಮಂಜುಗಡ್ಡೆಯಲ್ಲಿಟ್ಟು ಕಳಿಸಿದ ಆಂಟಿಬಾಡಿ, ಹೆಬ್ಬೆರಳಷ್ಟು ಶೀಶೆಯಲ್ಲಿ. ಕುರಿಯ ರಕ್ತದಿಂದ ತೆಗೆದದ್ದು. ನೂರಾರು ಪ್ರೋಟೀನುಗಳ ನಡುವೆ ಅದೊಂದನ್ನೇ ಹೋಗಿ ಹಿಡಿಯುತ್ತದಂತೆ. (ಲಿಂಗಾಯತರಿಗೆ ಕುರಿಯ ರಕ್ತ ಚುಚ್ಚುತ್ತೀರೇನು ಎಂದು ಮೊದಲ ದಿನ ಜಗಳ ತೆಗೆದಿದ್ದೆ. ನಿಮಗಲ್ಲ, ಗಾಜಿನ ಕೊಳವೆಯಲ್ಲಿರುವ ನಿಮ್ಮ ನೀರಿಗೆ ಎಂದಳು.)

ಸೂಜಿಗೆ ಮೊದಲು ಆಕೆ ಎರಡೂ ಅಂಗೈಯಲ್ಲಿ ಮೊಣಕಾಲು ಹಿಡಿದು ನೋಡುತ್ತಾಳೆ. ಇವತ್ತು ಏನು ಪಲ್ಯ ಎಂದು ಕೇಳುತ್ತಾಳೆ. ಗಂಡ ಸತ್ತ ಮೇಲೆ ನನ್ನನ್ನು ಮುಟ್ಟಿದವರು ಯಾರು? ಬಸ್ಸಿನಲ್ಲಿ ನೂಕಿದವರನ್ನು ಬಿಟ್ಟರೆ ಯಾರೂ ಇಲ್ಲ.

ಹೋದ ತಿಂಗಳು ಬಾವು ಇಳಿದಿತ್ತು. ನೀರು ಬಾರದಿದ್ದರೆ ನೀವು ಬರುವುದು ಬೇಡ ಎಂದುಬಿಟ್ಟಳು. ಮತ್ತೆ ಅಂಗಳ ಸಾರಿಸದೆ ಏನು ಮಾಡಲಿ?

ಈ ಸಲ ಕಾಲು ಒತ್ತಿ ನೋಡಿ ಹುಬ್ಬೇರಿಸಿದಳು.

"ಆಯಿ, ಇಳದಿತ್ತಲ್ಲ, ಮತ್ತ ಯಾಕ ಬಾತೈತಿ?"

"ನಿಮಗ ನೀರ ಬೇಕಿತ್ತಲ್ರಿ ಬಾಯಾರ, ತಂದೀನಿ."

ನಕ್ಕಳು. ಸೂಜಿ ಮಾತ್ರ ಕೈಗೆತ್ತಿಕೊಳ್ಳಲಿಲ್ಲ.

"ಶೀಶೆದಾಗಿಂದು ಮುಗದೈತಿ ಆಯಿ. ಇನ್ನ ನೀರ ತಗೊಂಡು ನಾ ಏನ ಮಾಡ್ಲಿ?"

ಹೊಸದು ಯಾವಾಗ ಬರುತ್ತದೆ ಎಂದೆ. ತರಿಸುವುದಿಲ್ಲ, ತನ್ನ ಕೆಲಸ ಆಯಿತು ಎಂದಳು. ನನ್ನ ನೀರಿನಲ್ಲಿ ಆ ಪ್ರೋಟೀನ್ ಚೆನ್ನಾಗಿಯೇ ಸಿಕ್ಕಿತಂತೆ. ಖುಷಿಯಿಂದಲೇ ಹೇಳಿದಳು, ಪಾಪ.

"ನೀರ ಬ್ಯಾಡಂದ್ರ ಬಿಡ್ರಿ. ಸುಮ್ನ ಬಂದು ಕುಂತು ಹೋಗ್ಲೇನು?"

"ಇದು ಲ್ಯಾಬ್ ಐತಿ ಆಯಿ. ಹಂಗ ಬರಾಕ ಬರಾಂಗಿಲ್ಲ."

ಬಾವು ತೋರಿಸಿಕೊಳ್ಳಿ ಎಂದು ಕೆಳಗೆ ಓಪಿಡಿಗೆ ಕಳಿಸಿದಳು. ಅಲ್ಲಿ ಕೂತಿದ್ದ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ, ನೋವಿನ ಗುಳಿಗೆ ಬರೆದುಕೊಟ್ಟರು.

ನೋವಿದೆ ಎಂದು ನಾನು ಯಾರಿಗೆ ಹೇಳಿದ್ದೆ?