ಗೋಡೆಯ ಮೇಲಿನ ಮೂರನೆಯದು

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿದ್ದರೂ ಸರಿ, ಹಾಸನದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೂ ಸರಿ, ನಾನು ಜೀವಶಾಸ್ತ್ರ ಪಾಠ ಮಾಡುವವಳು ಎಂದು ಗೊತ್ತಾದರೆ ಸಾಕು, ಯಾರಾದರೊಬ್ಬರು ಅದೇ ಪ್ರಶ್ನೆ ಎತ್ತುತ್ತಾರೆ. "ಮಂಗನಿಂದ ಮಾನವ ಅಂತೀರಲ್ಲ ಮೇಡಂ, ಈಗಿರೋ ಮಂಗಗಳು ಯಾಕೆ ಇನ್ನೂ ಮನುಷ್ಯರಾಗಿಲ್ಲ?" ಕೇಳಿದವರ ಮುಖದಲ್ಲಿ ನನ್ನನ್ನು ಮೂಲೆಗೆ ತಳ್ಳಿದ ಖುಷಿ. ನನಗೋ ಮೈಯೆಲ್ಲ ಉರಿ. ಕೂತಲ್ಲಿ ಕೂರುವ ಜಾಯಮಾನ ಮೊದಲೇ ನನ್ನದಲ್ಲ. ಈ ಪ್ರಶ್ನೆ ಬಂದರಂತೂ ಪಾಯಸಕ್ಕೂ ಕಾಯದೆ ಎದ್ದುಬಿಡುತ್ತೇನೆ.

ನನ್ನ ಮನೆ ಹಾಸನದಲ್ಲಿ, ಕೆಲಸ ಹೊಳೆನರಸೀಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಎರಡು ವರ್ಷದ ಹಿಂದೆ ನಮ್ಮ ಹೆಡ್‌ಮಾಸ್ಟರಿಗೆ ಶಾಲೆಯ ಗೋಡೆಗಳಲ್ಲಿ ವಿಜ್ಞಾನ ಮೂಡಿಸುವ ಹುಕಿ ಬಂತು. ಬಣ್ಣದ ಖರ್ಚು ನನ್ನದಿರಲಿ ಎಂದು ಊರಿನ ದೊಡ್ಡ ಜಮೀನ್ದಾರರೊಬ್ಬರು ಮುಂದೆ ಬಂದರು. ಗೇಟು ದಾಟಿದರೆ ಎದುರಿಗೇ ಸಿಗುವ ಗೋಡೆಯ ಮೇಲೆ ಆ ಚಿತ್ರ ಬಂತು. ಎಲ್ಲರೂ ನೋಡಿರುವುದೇ: ಸಾಲಾಗಿ ಆರು ಜನ, ಮೊದಲಿನದು ನಾಲ್ಕು ಕಾಲಿನ ಮೇಲೆ, ಆಮೇಲಿನವು ಒಂದಕ್ಕಿಂತ ಒಂದು ನೆಟ್ಟಗೆ, ಕೊನೆಯಲ್ಲಿ ಮನುಷ್ಯ.

ನಮ್ಮ ಪೇಂಟರ್ ಚಿಂಪಾಂಜಿಯನ್ನು ಕಂಡವನಲ್ಲ. ಮೊದಲಿನದಕ್ಕೆ ಉದ್ದ ಬಾಲ ಬರೆದ. ಬಾಲ ಬೇಡಪ್ಪ ಎಂದರೆ, "ಬಾಲ ಇಲ್ದಿದ್ರೆ ಕ್ವಾತಿ ಅಂತ ಎಂಗೆ ಗೊತ್ತಾಯ್ತದೆ ಮೇಡಂ?" ಎಂದು ಇನ್ನಷ್ಟು ಕಪ್ಪು ತುಂಬಿದ. ಕೊನೆಯ ಮನುಷ್ಯನಿಗೆ ಬಿಳಿ ಪಂಚೆ, ಬಿಳಿ ಶರಟು, ತಿದ್ದಿದ ಮೀಸೆ. ನೋಡಿದರೆ ಖರ್ಚು ಕೊಟ್ಟ ಜಮೀನ್ದಾರರೇ! ಕೋಟಿಗಟ್ಟಲೆ ವರ್ಷ ಜೀವಸಂಕುಲ ಒದ್ದಾಡಿದ್ದೆಲ್ಲ ಇವರೊಬ್ಬರು ಹುಟ್ಟಲಿ ಅಂತಲೇ ಎನ್ನುವ ಹಾಗಿತ್ತು. ಅವರು ಬಂದು ನೋಡಿ ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೋದರು.

ಈ ಚಿತ್ರವೇ ತಪ್ಪು ಎಂದು ನಾನು ಹೆಡ್‌ಮಾಸ್ಟರ್ ಹತ್ತಿರ ಬಡಕೊಂಡೆ. ಒಬ್ಬರ ಹಿಂದೆ ಒಬ್ಬರು ಕ್ಯೂ ನಿಂತ ಹಾಗೆ ನಾವು ಬಂದಿಲ್ಲ, ಚಿಂಪಾಂಜಿ ನಮ್ಮ ತಾತನಲ್ಲ, ನಮಗೂ ಅದಕ್ಕೂ ಒಬ್ಬನೇ ಮೂಲಪುರುಷ ಇದ್ದ, ಅಲ್ಲಿಂದ ಕವಲೊಡೆದು ಅದು ಅದರ ದಾರಿಯಲ್ಲಿ, ನಾವು ನಮ್ಮ ದಾರಿಯಲ್ಲಿ ಬದಲಾಗುತ್ತ ಬಂದಿದ್ದೇವೆ, ಇದರಲ್ಲಿ ಮೇಲು ಕೀಳು ಇಲ್ಲ ಎಂದೆ. "ಎಲ್ಲ ಕಡೆನೂ ಹಿಂಗೇ ಬರೀತಾರಲ್ಲ ಮೇಡಂ" ಎಂದು ಅವರು ಫೈಲು ತೆಗೆದರು.

ಒಂಬತ್ತನೆಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಕಪ್ಪು ಬಣ್ಣ, ಕೂಡಿದ ಹುಬ್ಬು, ಸ್ವಲ್ಪ ಮುಂದೆ ಬಂದ ದವಡೆ. ಬ್ಯಾಗಿನ ಭಾರಕ್ಕೆ ಬಗ್ಗಿ ನಡೆಯುತ್ತಿದ್ದಳು. ಚಿತ್ರ ಬಂದು ವಾರ ಕಳೆಯುವುದರೊಳಗೆ ಹುಡುಗರು ಅವಳಿಗೆ 'ಮೂರನೇದು' ಎಂದು ಹೆಸರಿಟ್ಟರು. ಗೋಡೆಯ ಮೇಲಿನ ಮೂರನೆಯದು, ಅರ್ಧ ಬಗ್ಗಿ ನಿಂತಿರುವುದು. ಅವಳು ಗೇಟಿನೊಳಗೆ ಕಾಲಿಟ್ಟರೆ, "ಮೂರನೇದು ಬಂತು ಕಣ್ಲಾ" ಎಂದು ಪಿಸುಗುಟ್ಟುವರು. ನಾನು ಗದರಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಗದರಿದ ಮೇಲೆ ಬಾಯಿ ಬಿಟ್ಟು ಅನ್ನುವುದು ನಿಂತಿತು, ಮೂರು ಬೆರಳು ತೋರಿಸುವುದು ಶುರುವಾಯಿತು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಹುಡುಗಿ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು. ಓದು ಅಲ್ಲಿಗೇ ನಿಂತರೆ ಮುಂದೇನು ಎನ್ನುವುದು ಗೊತ್ತಿರುವ ಕಥೆಯೇ. ಒಂದು ಸಂಜೆ ಹಾಸನದ ಬಸ್ಸು ಬಿಟ್ಟು ಅರಕಲಗೂಡಿನ ಕಡೆಯ ಬಸ್ಸು ಹತ್ತಿ ಅವಳ ಹಳ್ಳಿಯಲ್ಲಿ ಇಳಿದೆ.

ಅವಳ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ, "ಏನವ್ವಾ ಮೇಡಮ್ಮಾ, ನಮ್ ಮಗೀನ ಕ್ವಾತಿ ಅಂತ ಗ್ವಾಡೆ ಮ್ಯಾಲೆ ಬರ್ಸಿದ್ದೀರಂತೆ?" ಎಂದರು. ಕೂರಿ ಅನ್ನಲಿಲ್ಲ. ಆಮೇಲೆ ಏನನ್ನಿಸಿತೋ, "ಕಾಪಿ ಕಾಸ್ಲಾ? ಕುಡಿಯಕಿಲ್ಲ ಅಂದ್ರೆ ಬ್ಯಾಡ. ನಮ್ಗೆ ಸೂತ್ಕ ಐತೆ. ದಾಯಾದಿ ಮನೇಲಿ ಒಬ್ಬ ಓಗ್ಬುಟ್ಟ" ಎಂದರು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು.

ಕಾಫಿ ಕೊಡಿ, ಕುಡಿಯುತ್ತೇನೆ ಎಂದೆ. ಸತ್ತವರು ನಿಮಗೇನಾಗಬೇಕು ಎಂದು ಕೇಳಿದೆ. ತಮ್ಮ ಗಂಡನ ತಾತನೂ ಸತ್ತವನ ತಾತನೂ ಅಣ್ಣತಮ್ಮಂದಿರಂತೆ. ಪಾಲಾದ ಮೇಲೆ ಎರಡು ಮನೆಗೂ ಮಾತಿಲ್ಲ, ಬದುವಿನ ಜಗಳ.

"ಮಾತಿಲ್ಲದಿದ್ದರೂ ಸೂತಕ ಉಂಟಾ?"

"ರಕ್ತ ಒಂದೇ ಅಲ್ವರಾ ಮೇಡಮ್ಮಾ? ಮಾತ್ ಬುಟ್ರೆ ರಕ್ತ ಬುಡ್ತದಾ?"

ನನಗೆ ಅಷ್ಟೇ ಬೇಕಿತ್ತು. ಸತ್ತವನನ್ನು ನಿಮ್ಮ ತಾತ ಅಂತೀರಾ ಎಂದೆ. "ಅವ್ನ್ಯಾಕೆ ನಮ್ ತಾತ ಆದಾನು!" ಎಂದರು. ಮಂಗನೂ ಹಾಗೇ ಅವ್ವಾ, ಎಂದೆ. ತಾತನಲ್ಲ, ಬಹಳ ಹಿಂದೆ ಪಾಲಾಗಿ ಬೇರೆ ಹೋದ ದಾಯಾದಿ. ಚಿಂಪಾಂಜಿ ಅಂತ ಬಾಲವಿಲ್ಲದ್ದೊಂದಿದೆ, ಅದು ಇನ್ನೂ ಹತ್ತಿರದ ದಾಯಾದಿ. ಆ ಸತ್ತವನ ಮನೆಯವರು ಯಾಕೆ ನಿಮ್ಮ ಹಾಗಾಗಲಿಲ್ಲ ಅಂತ ಕೇಳುತ್ತೀರಾ? ಅವರ ಬಾಳು ಅವರಿಗೆ.

ಅಜ್ಜಿ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಯೋಚಿಸಿದರು. "ಅಂಗಾರೆ ಕ್ವಾತಿ ಸತ್ರೆ ನಮ್ಗೂ ಸೂತ್ಕ ಬತ್ತದಾ?"

"ಏಳು ತಲೆ ಕಳೆದರೆ ಬರೋಲ್ಲ ಅಂತೀರಲ್ಲ. ಇದು ಲಕ್ಷಗಟ್ಟಲೆ ತಲೆ ಆಗಿಹೋಗಿದೆ."

"ಸದ್ಯ! ನಮ್ ತ್ವಾಟ್ದ ಎಳ್ನೀರೆಲ್ಲ ಬರಿದು ಮಾಡವೆ. ದಾಯಾದಿ ಅಂದ್ಮೇಲೆ ಪಾಲ್ ಕೇಳಕ್ಕೇ ಬಂದವೆ ಬುಡು" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ನಾನೂ ನಕ್ಕೆ. ವರ್ಷಾನುಗಟ್ಟಲೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಯಾರ ತಲೆಗೂ ಹತ್ತಿಸಲಾಗದ್ದು ಈ ಜಗಲಿಯಲ್ಲಿ ಹತ್ತಿತಲ್ಲ ಎಂದು ಬೀಗಿದೆ.

ಹುಡುಗಿ ನಗಲಿಲ್ಲ. "ಮಿಸ್, ದಾಯಾದಿ ಆದ್ರೆ ಆಗ್ಲಿ" ಎಂದಳು. "ನನ್ನ ನೋಡಿ ಯೋಳಿ. ನಾನು ಆ ಮೂರನೇದ್ರಂಗೆ ಇದೀನಾ, ಇಲ್ವಾ?"

ಇಲ್ಲ ಎಂದು ತಟ್ಟನೆ ಹೇಳಬೇಕಿತ್ತು. ಬದಲು ಆ ಪೇಂಟರಿಗೆ ಕೋತಿಯೂ ಬರೆಯಲು ಬರುವುದಿಲ್ಲ, ಮನುಷ್ಯರೂ ಬರೆಯಲು ಬರುವುದಿಲ್ಲ ಎಂದು ಏನೇನೋ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ, "ಸೋಮವಾರ ಬಾ. ಆ ಚಿತ್ರ ಇರೋಲ್ಲ" ಎಂದು ಮಾತು ಕೊಟ್ಟು ಬಸ್ಸಿಗೆ ಓಡಿದೆ.

ಮಾರನೆಯ ದಿನ ಹೆಡ್‌ಮಾಸ್ಟರ್ ಮುಂದೆ ನಿಂತೇ ಮಾತಾಡಿದೆ. ಹುಡುಗಿಯ ಕಥೆ ಹೇಳಿದೆ, ಮೂರನೆಯದೆಂದು ಆಡಿಕೊಳ್ಳುವುದನ್ನು ಹೇಳಿದೆ, ಆ ಚಿತ್ರ ಹೋಗಲೇಬೇಕು ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಛೆ, ಹೆಣ್ಮಗು. ನಾನು ವ್ಯವಸ್ಥೆ ಮಾಡಿಸ್ತೀನಿ, ನೀವು ತಲೆ ಕೆಡಿಸ್ಕೋಬೇಡಿ" ಎಂದರು. ಭಾನುವಾರವೆಲ್ಲ ನನ್ನ ಮನಸ್ಸು ಆ ಗೋಡೆಯ ಮೇಲೇ. ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮನೆಯವರು ಎರಡು ಸಲ ಕೇಳಿದರು.

ಸೋಮವಾರ ಅವಳು ಬಂದಳು. ಬಸ್‌ಸ್ಟ್ಯಾಂಡಿನಲ್ಲೇ ನನ್ನ ಜೊತೆಯಾದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಒಗೆದ ಯೂನಿಫಾರಂ. ಗೇಟು ದಾಟಿದೆವು.

ಗೋಡೆಯ ಮೇಲೆ ಚಿತ್ರ ಇತ್ತು. ಮೊದಲನೆಯದು ಬಾಲದ ಸಮೇತ ಇತ್ತು. ಎರಡನೆಯದು ಇತ್ತು, ನಾಲ್ಕು, ಐದು ಇದ್ದವು, ಕೊನೆಯಲ್ಲಿ ಜಮೀನ್ದಾರರು ಮೀಸೆ ಹೊತ್ತು ನಿಂತಿದ್ದರು. ಮೂರನೆಯದರ ಜಾಗಕ್ಕೆ ಮಾತ್ರ ಸುಣ್ಣ ಬಳಿದಿತ್ತು. ಬೆಳ್ಳಗೆ, ಆಳೆತ್ತರದ ಖಾಲಿ.

ಹುಡುಗರು ಆಗಲೇ ಗುಂಪುಗಟ್ಟಿದ್ದರು. ಒಬ್ಬ ಖಾಲಿ ಜಾಗ ನೋಡಿದ, ಇವಳನ್ನು ನೋಡಿದ. "ಲೇ, ಗ್ವಾಡೆಯಿಂದ ಎದ್ದು ಬಂದ್ಬುಟ್ಟದೆ ಕಣ್ಲಾ!" ಇಡೀ ಅಂಗಳ ನಕ್ಕಿತು.

ಹೆಡ್‌ಮಾಸ್ಟರ್ ಓಡಿ ಬಂದರು. "ನೀವೇ ಹೇಳಿದ್ರಲ್ಲ ಮೇಡಂ, ಮೂರನೇದರಿಂದ ತೊಂದರೆ ಅಂತ. ಎಲ್ಲಾ ಅಳಿಸಿದ್ರೆ ದುಡ್ಡು ಕೊಟ್ಟ ಯಜಮಾನರು ಏನಂತಾರೆ?" ಸುಣ್ಣದ ಬಕೆಟ್ಟು ಇನ್ನೂ ಗೋಡೆಯ ಬುಡದಲ್ಲೇ ಇತ್ತು. ಬ್ಯಾಗು ಕೆಳಗೆಸೆದು, ಸೀರೆಯ ಸೆರಗು ಸಿಕ್ಕಿಸಿ, ಬ್ರಶ್ಶು ಅದ್ದಿ ಬಳಿಯತೊಡಗಿದೆ. ಬಾಲ ಹೋಯಿತು, ಎರಡನೆಯದು ಹೋಯಿತು. ನಾಲ್ಕು, ಐದು ಮುಗಿಸಿ ಬಿಳಿ ಪಂಚೆಯವರ ಮೇಲೆ ಕೈಯೆತ್ತಿದಾಗ ಹೆಡ್‌ಮಾಸ್ಟರ್ "ಮೇಡಂ, ಮೇಡಂ!" ಎಂದು ಕೂಗಿಕೊಂಡರು. ನಾನು ಮೀಸೆಯ ಮೇಲೆ ಎಳೆದೆ.

ಅಷ್ಟರಲ್ಲಿ ಪಕ್ಕದಿಂದ ಹುಡುಗಿ ನನ್ನ ಮೊಣಕೈ ಹಿಡಿದಳು.

"ಬುಡಿ ಮಿಸ್, ಸಾಕು. ಅವ್ರ್ ಬಾಯಿಗೆ ಎಲ್ಲಿಂದ ಸುಣ್ಣ ತತ್ತೀರಾ?"

ಅವಳು ಅಳುತ್ತಿರಲಿಲ್ಲ. ನಾನು ಅಳುತ್ತಿದ್ದೆ. ಕೆಳಗೆ ಬಿದ್ದಿದ್ದ ನನ್ನ ಬ್ಯಾಗನ್ನು ಎತ್ತಿ ಮಣ್ಣು ಕೊಡವಿ ನನ್ನ ಭುಜಕ್ಕೆ ಹಾಕಿದಳು. ಆಮೇಲೆ ಆ ಗುಂಪಿನ ನಡುವೆಯೇ ದಾರಿ ಮಾಡಿಕೊಂಡು ಹೋಗಿ, ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತು ಪುಸ್ತಕ ತೆರೆದಳು. ಮೊದಲ ಪೀರಿಯಡ್ಡು ನನ್ನದೇ ಇತ್ತು.