ನಮ್ಮ ನಾಯಿಗೆ ಕಾಗದ ಮಾಡಿಸಲು ಹೋದದ್ದು

ನಮ್ಮ ನಾಯಿಗೂ ಒಂದು ಕಾಗದ ಬೇಕು ಅಂತ ನನಗೆ ಅನ್ನಿಸಿದ್ದು ಶಿವಮೊಗ್ಗದ ದುರ್ಗಿಗುಡಿಯ ನನ್ನ ಭಾವಮೈದುನನ ಮನೆಯಲ್ಲಿ. ಅವನ ಹತ್ತಿರ ಒಂದು ಲ್ಯಾಬ್ರಡಾರ್ ಇದೆ. ಕೆನಲ್ ಕ್ಲಬ್ಬು ಕೊಟ್ಟ ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಟಿವಿ ಪಕ್ಕ ನೇತುಹಾಕಿದ್ದಾನೆ. ನಾಯಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿ ಎಲ್ಲರ ಹೆಸರೂ ಅದರಲ್ಲಿ ಕವಲು ಕವಲಾಗಿ ಇವೆ. ಕೈಯಲ್ಲಿದ್ದ ಕಾಫಿ ಆರುವವರೆಗೆ ನಾನು ಅದರ ಮುಂದೆ ನಿಂತಿದ್ದೆ. ನನ್ನ ಸ್ವಂತ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ.

"ಭಾವ, ನಿಮ್ದಕ್ಕೂ ಒಂದು ಮಾಡಿಸ್ಬಿಡಿ," ಅಂದ. "ಈಗ ನೀವು ಮುಧೋಳ ತಳಿ ಅಂತೀರಿ, ನಾವು ಹೂಂ ಅಂತೀವಿ. ಕಾಗದ ಇಲ್ದಿದ್ರೆ ಅದೂ ಬೀದಿ ನಾಯಿನೇ ಅಲ್ವಾ."

"ನಂದು ಓಡೋದ್ ನೋಡಿದ್ರೆ ನಿಂದು ಸೋಫಾ ಬಿಟ್ಟು ಇಳಿಯಲ್ಲ ಮಾರಾಯ," ಅಂದೆ. ಅಂದೆನೇ ಹೊರತು, ಭದ್ರಾವತಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಲೇ ಇತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಂದಿನಿಂದ ಲೇತ್ ಮೆಷಿನ್ನಿನ ಮುಂದೆ ನಿಂತಿದ್ದೇನೆ. ಈಗ ಸ್ವಂತ ವರ್ಕ್‌ಶಾಪ್ ಇದೆ, ಓದಿದ ಎಂಜಿನಿಯರುಗಳು ಬಂದು ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳುತ್ತಾರೆ. ಆದರೂ ಮೊಹರು ಬಿದ್ದ ಕಾಗದ ಕಂಡರೆ ನನಗೆ ಒಂದು ಥರದ ಭಯಭಕ್ತಿ.

ದನದ ಆಸ್ಪತ್ರೆಯ ಡಾಕ್ಟರು ದಾರಿ ಹೇಳಿಕೊಟ್ಟರು. ತಂದೆತಾಯಿಗೆ ಕಾಗದ ಇಲ್ಲದ ನಾಯಿಯನ್ನು ಡಾಗ್ ಶೋಗೆ ಕರೆದೊಯ್ದು ಜಡ್ಜಿಗೆ ತೋರಿಸಬೇಕು. ಇದು ನಿಜವಾದ ಜಾತಿಯದ್ದೇ ಅಂತ ಅವರು ಒಪ್ಪಿದರೆ ಕ್ಲಬ್ಬು ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತದೆ. ಶಿವಮೊಗ್ಗದಲ್ಲಿ ಅಂಥದ್ದೊಂದು ಶೋ ಒಂದು ಭಾನುವಾರ ಇತ್ತು.

ಆ ದಿನ ಬೆಳಿಗ್ಗೆ ನಾಯಿಗೆ ಸ್ನಾನ ಮಾಡಿಸಿ, ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದೆ. ನಮ್ಮ ಕೆಲಸದಲ್ಲಿ ಕಡೆದು ಮುಗಿಸಿದ ಕಬ್ಬಿಣದ ಜಾಬಿಗೆ ಎಣ್ಣೆ ಸವರಿಯೇ ಗಿರಾಕಿಗೆ ಕೊಡುವುದು. ತುಕ್ಕು ಹಿಡಿಯುವುದಿಲ್ಲ, ನೋಡಲೂ ಲಕಲಕ ಅನ್ನುತ್ತದೆ.

"ಎಷ್ಟು ಸುರೀತೀರಾ ರೀ, ಹಪ್ಪಳ ಕರಿಯೋಕೆ ಹೊರಟಿದೀರಾ?" ಅಂದಳು ಹೆಂಡತಿ.

"ಡೆಲಿವರಿ ಕೊಡೋವಾಗ ಹಿಂಗೇ ಕೊಡೋದು," ಅಂದೆ.

ಗೂಡ್ಸ್ ಆಟೋದಲ್ಲಿ ಮೂವರೂ ಹೋಗಿ ಇಳಿದರೆ, ಆ ಮೈದಾನವೇ ಬೇರೊಂದು ಲೋಕ. ಕರುವಿನಷ್ಟು ಎತ್ತರದ ನಾಯಿಗಳು, ಅಂಗೈಯಲ್ಲಿ ಕೂರುವ ನಾಯಿಗಳು. ಒಂದಕ್ಕೆ ಇಬ್ಬರು ನಿಂತು ತಲೆ ಬಾಚುತ್ತಿದ್ದರು. ಅಷ್ಟು ಬಗೆಯ ಜೀವವನ್ನು ನಾನು ಒಂದೇ ಕಡೆ ಕಂಡಿರಲಿಲ್ಲ.

ಜಡ್ಜು ಮೈಸೂರು ಕಡೆಯ ಹೆಂಗಸು, ಅರವತ್ತು ದಾಟಿರಬೇಕು. ನಮ್ಮ ನಾಯಿಯ ಬೆನ್ನ ಮೇಲೆ ಕೈಯಿಟ್ಟವರು ತಟ್ಟನೆ ತೆಗೆದು ಅಂಗೈ ನೋಡಿಕೊಂಡರು. ಮೂಸಿದರು.

"ಕೊಬ್ಬರಿ ಎಣ್ಣೆನಾ?"

"ಹೌದು ಮೇಡಂ. ಗಾಣದ್ದು," ಅಂದೆ, ಹೆಮ್ಮೆಯಿಂದಲೇ.

"ಮೈಗೆ ಏನೂ ಹಚ್ಚೋ ಹಾಗಿಲ್ಲ. ಕೂದಲು ಹೇಗಿದೆ ಅಂತ ನಾನು ಹೇಗೆ ನೋಡ್ಲಿ? ತೊಳ್ಕೊಂಡು ಬನ್ನಿ. ಹನ್ನೆರಡರ ಒಳಗೆ ಬಂದ್ರೆ ಸರಿ, ಇಲ್ಲಾಂದ್ರೆ ಈ ಸಲ ಆಗಲ್ಲ."

ಹಿಂದೆ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಳತೆಗೆ ಮುಂಚೆ ಜಾಬಿನ ಎಣ್ಣೆ ಒರೆಸಲಿಲ್ಲ ಅಂತ ಕೆಲಸದವರನ್ನು ದಿನಾ ಬೈಯುವವನು ನಾನೇ. ಹೆಂಡತಿ ಅಂಗಡಿಯಿಂದ ಸೀಗೆಪುಡಿ ತಂದಳು. ನಲ್ಲಿಯ ಕೆಳಗೆ ಇಬ್ಬರೂ ಮೊಣಕಾಲೂರಿ ಉಜ್ಜಿದೆವು.

"ಭಾನುವಾರ, ಎಣ್ಣೆ ಸ್ನಾನ ಆಯ್ತು ಬಿಡಿ ನಿಮ್ಮ ಮಗಳಿಗೆ," ಅಂತ ಅವಳು ನಗುತ್ತಿದ್ದಳು. ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಹೋಗಿ ನಿಂತೆವು. ಈ ಸಲ ಆಕೆಯ ಎರಡೂ ಕೈ ನಾಯಿಯ ಕತ್ತಿನಿಂದ ಇಳಿದವು. ಹೆಗಲು, ಎದೆಗೂಡು, ಸೊಂಟದ ಎರಡು ಮೂಳೆಗಳ ನಡುವಿನ ಅಂತರ, ಬಾಲದ ಬುಡ. ಕಣ್ಣು ಮಾತ್ರ ನಾಯಿಯ ಮೇಲಿರಲಿಲ್ಲ, ದೂರದಲ್ಲೆಲ್ಲೋ ಇತ್ತು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಹೀಗೆಯೇ ಬೇರೆಲ್ಲೋ ನೋಡುತ್ತಾ ಶಾಫ್ಟಿನ ಮೇಲೆ ಉಗುರು ಎಳೆದು, ಕೂದಲೆಳೆಯಷ್ಟು ಹೆಚ್ಚಿದೆ ಅನ್ನುತ್ತಿದ್ದರು. ಅಳೆದರೆ ಅಷ್ಟೇ ಹೆಚ್ಚಿರುತ್ತಿತ್ತು. ಹೊರಗಿನವರು ಮುಟ್ಟಿದರೆ ಗುರ್ ಅನ್ನುವ ನಮ್ಮ ನಾಯಿ ಉಸಿರು ಬಿಗಿಹಿಡಿದು ನಿಂತಿತ್ತು.

ಬೆರಳು ಒಂದು ಕಡೆ ನಿಂತಿತು. "ಈ ಪಕ್ಕೆಲುಬು ಮರೀಲಿ ಮುರಿದಿತ್ತಾ?"

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ನಾಲ್ಕು ತಿಂಗಳ ಮರಿಯ ಮೇಲೆ ವರ್ಕ್‌ಶಾಪಿನಲ್ಲಿ ಪೈಪು ಉರುಳಿತ್ತು. ಅವತ್ತು ಎಕ್ಸ್‌ರೇ ತೆಗೆಸಿ ಕಂಡದ್ದನ್ನು ಆಕೆ ಎರಡು ಬೆರಳಲ್ಲಿ ಓದಿಬಿಟ್ಟಿದ್ದರು.

ನಾಯಿಯನ್ನು ಓಡಿಸಿ ನೋಡಿ, "ಒಳ್ಳೇ ಮುಧೋಳ. ಬರ್ಕೊಳ್ಳಿ," ಅಂತ ಮೇಜಿನ ಹಿಂದೆ ಕೂತವನಿಗೆ ಹೇಳಿದರು. ಆತ ಅರ್ಜಿ ತುಂಬಿ ನನ್ನ ಕಡೆ ತಿರುಗಿಸಿದ. ತಂದೆ: ಗೊತ್ತಿಲ್ಲ. ತಾಯಿ: ಗೊತ್ತಿಲ್ಲ.

"ತಾಯಿ ಗೊತ್ತಿದೆ ಸ್ವಾಮಿ," ಅಂದೆ.

"ಅದಕ್ಕೆ ಕಾಗದ ಇದೆಯಾ?"

"ಇಲ್ಲ."

"ಹಂಗಾದ್ರೆ ಗೊತ್ತಿಲ್ಲ ಅಂತಾನೇ. ಸಹಿ ಹಾಕಿ."

ಪೆನ್ನು ಮುಂದೆ ಹೋಗಲಿಲ್ಲ. ಹಿಂದೊಮ್ಮೆ, ಕೊಯ್ಲಾದ ಗದ್ದೆಯಲ್ಲಿ ಕುರಿ ತಂಗಿಸಿದ್ದ ಬಾಗಲಕೋಟೆ ಕಡೆಯ ಕುರಿಗಾಹಿಗೆ ನಾನು ಒಂದು ಗಾಡಿಯ ಅಚ್ಚು ಸರಿಮಾಡಿಕೊಟ್ಟಿದ್ದೆ. ಖುಷಿಗೆ ಅವನು ಈ ಮರಿ ಕೊಟ್ಟ. ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬೈಕ್ ಹತ್ತಿದರೆ ತಾಯಿ ಪಕ್ಕದಲ್ಲೇ ಓಡಿ ಬಂತು. ಬೊಗಳಲಿಲ್ಲ. ಸ್ಪೀಡಿನ ಮುಳ್ಳು ಐವತ್ತು ದಾಟಿದರೂ ಅದರ ಮುಖ ನನ್ನ ಮೊಣಕಾಲಿಗೆ ಸಮನಾಗಿಯೇ ಇತ್ತು, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನುವ ಹಾಗೆ. ಭದ್ರಾ ನಾಲೆಯ ಹತ್ತಿರ ನಿಂತು, ನಾನು ಮರೆಯಾಗುವವರೆಗೆ ನೋಡಿತು. ಅದನ್ನು ಗೊತ್ತಿಲ್ಲ ಅಂತ ಬರೆದ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು.

"ಬೇಡ ಬಿಡು, ಹೋಗೋಣ," ಅಂದೆ ಹೆಂಡತಿಗೆ.

"ಬೆಳಗ್ಗಿಂದ ತೊಳೆದಿದ್ದು ಇದಕ್ಕೇನಾ?" ಅಂದಳು ಅವಳು.

ಗಲಾಟೆ ಕೇಳಿ ಜಡ್ಜು ಮೇಡಂ ಬಂದರು. ನಾನು ನಾಲೆಯ ವಿಷಯ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅತ್ತ ಬಾಚಿಸಿಕೊಳ್ಳುತ್ತಿದ್ದ ನಾಯಿಯ ಕಡೆ ತೋರಿಸಿ, "ಅದರ ಕಾಗದ ಹಿಡ್ಕೊಂಡು ಅಜ್ಜ, ಮುತ್ತಜ್ಜ ಅಂತ ಮೇಲೆ ಮೇಲೆ ಹೋಗಿ. ಎಲ್ಲೋ ಒಂದು ಕಡೆ ಹೆಸರೇ ಇರಲ್ಲ. ಅಲ್ಲಿ ಯಾರೋ ನಿಮ್ಮಂಥೋರು ಒಂದು ನಾಯಿ ಹಿಡ್ಕೊಂಡು ಬಂದು ನಿಂತಿರ್ತಾರೆ. ಅವರು ಸಹಿ ಹಾಕಿದ್ರಿಂದ ಕೆಳಗಿನವರಿಗೆ ಹೆಸರು ಬಂತು," ಅಂದರು.

ನಾನು ಆ ಮೈದಾನವನ್ನು ಮತ್ತೊಮ್ಮೆ ನೋಡಿದೆ. ಅಷ್ಟೂ ನಾಯಿಗಳ ಹಿಂದೆ, ಕಾಗದ ಶುರುವಾಗುವ ಮೊದಲು, ಹೆಸರಿಲ್ಲದ ತಾಯಂದಿರು ಓಡುತ್ತಿರುವ ಹಾಗೆ ಅನ್ನಿಸಿತು. ಮೇಜಿನವನು ಕೆಮ್ಮಿದ.

ನಿಧಾನಕ್ಕೆ, ಅಕ್ಷರ ಕೆಡದ ಹಾಗೆ ಸಹಿ ಹಾಕಿದೆ. ಆತ ಮೊಹರು ಒತ್ತಿದ. ನಮ್ಮ ನಾಯಿಯ ಹೆಸರಿನ ಮೇಲಿದ್ದ ಚೌಕಗಳಲ್ಲೆಲ್ಲ ಬರೀ ಗೊತ್ತಿಲ್ಲ. ಇನ್ನು ಅದರ ಮರಿಗಳ ಕಾಗದದಲ್ಲಿ ತಾಯಿ ಅನ್ನುವ ಜಾಗಕ್ಕೆ ಇದೇ ಹೆಸರು ಬರುತ್ತದೆ.